ಗಾಳಿ ಯಾವ ಕಡೆಯಿಂದ?

ನೀವು ನಮ್ಮ ಪತ್ರಿಕೆಗೆ ಕಳಿಸಿದ ‘ಕಾರವಾರದ ಕೊಲ್ಲಿ: ಕಡಲ ತಡಿಯ ಸ್ವರ್ಗ’ ಲೇಖನ ಓದಿದೆ. ಭಾಷೆ ಸಲೀಸಾಗಿದೆ. ಊರಿನ ಮೇಲಿನ ಪ್ರೀತಿ ಪುಟಪುಟದಲ್ಲೂ ಕಾಣುತ್ತದೆ. ಟ್ಯಾಗೋರರು ಇಲ್ಲಿ ತಂಗಿದ್ದರ ಬಗ್ಗೆ ಬರೆದ ಭಾಗ ಹಾಗೇ ಇರಲಿ. ಆದರೆ ಎರಡು ವಾಕ್ಯ ಓದಿ ನನಗೆ ಸಿಟ್ಟೇ ಬಂತು. ಈ ಪತ್ರ ಅವುಗಳ ಬಗ್ಗೆ.

ಮೊದಲನೆಯದು ಇದು: ‘ಬೆಟ್ಟಗಳ ನಡುವೆ ತಾಯಿಯ ಮಡಿಲಿನಂತಿರುವ ಈ ಕೊಲ್ಲಿ ಸದಾ ಶಾಂತ.’

ಸದಾ? ಜುಲೈನಲ್ಲೂ? ಎಲ್ಲಾ ಕಡೆಯೂ? ಮಳೆಗಾಲದ ಗಾಳಿ, ಅಲೆ ಎರಡೂ ಬರುವುದು ನೈರುತ್ಯದಿಂದ. ಕೊಲ್ಲಿಯ ದಕ್ಷಿಣಕ್ಕೆ ಒಂದು ಗುಡ್ಡ ಸಮುದ್ರದೊಳಗೆ ಚಾಚಿಕೊಂಡಿದೆ. ಆ ಗಾಳಿಗೆ ಎದೆ ಕೊಡುವುದು ಅದು. ಅದರ ಹಿಂದೆ, ಉತ್ತರದ ಮಗ್ಗುಲಲ್ಲಿ ಬೈತಖೋಲ್ ಇದೆ. ಬಂದರು ಅಲ್ಲೇ ಯಾಕಿದೆ ಅಂತ ಇಷ್ಟರಿಂದಲೇ ಗೊತ್ತಾಗುತ್ತದೆ ಅಲ್ವಾ? ಚಂಡಮಾರುತದ ಸುದ್ದಿ ಬಂದರೆ ಗೋವಾ, ಕೇರಳದ ದೋಣಿಗಳೂ ಇಲ್ಲಿಗೆ ಓಡಿ ಬರುತ್ತವೆ. ಆದರೆ ಉತ್ತರಕ್ಕೆ, ಕಾಳಿ ನದಿಯ ಬಾಯಿ ಕಡೆಗೆ ಹೋದಷ್ಟೂ ಆ ಮರೆ ತಪ್ಪುತ್ತದೆ. ನದಿ ತರುವ ಹೂಳಿನಿಂದ ಕೊಲ್ಲಿಯ ಆಳವೂ ಕಡಿಮೆ. ನಿಮ್ಮ ವಾಕ್ಯದಲ್ಲಿ ಗುಡ್ಡವೂ ಇಲ್ಲ, ಗಾಳಿಯೂ ಇಲ್ಲ. ಬರೀ ಮಡಿಲು.

ಇದರ ಬೆನ್ನಿಗೇ ‘ಕೊಲ್ಲಿಯೊಳಗಿನ ಅಂಜದೀವ’ ಅಂತ ಬರೆದಿದ್ದೀರಿ. ಅಂಜದೀವ ದ್ವೀಪ ಕೊಲ್ಲಿಯೊಳಗಿಲ್ಲ. ಅದು ಗುಡ್ಡದ ಆಚೆ, ದಕ್ಷಿಣಕ್ಕೆ, ಬಿಣಗಾ ಕಡೆಗಿದೆ. ಇದು ಸಣ್ಣ ವಿಷಯವಲ್ಲ. 1662ರಲ್ಲಿ ಮುಂಬೈಯನ್ನು ವಶಕ್ಕೆ ಪಡೆಯಲು ಬಂದ ಇಂಗ್ಲಿಷ್ ಸೈನಿಕರಿಗೆ ಪೋರ್ಚುಗೀಸರು ಊರು ಬಿಟ್ಟುಕೊಡಲಿಲ್ಲ. ಆ ಸೈನಿಕರು ಬಂದು ಕಾದು ಕೂತಿದ್ದು ಈ ದ್ವೀಪದಲ್ಲಿ. ಬಹುಪಾಲು ಜನ ಅಲ್ಲೇ ಸತ್ತರು. ಮುಖ್ಯಸ್ಥ ಅಬ್ರಹಾಂ ಶಿಪ್‌ಮನ್ ಕೂಡ. ದ್ವೀಪವನ್ನು ನೀವು ಕೊಲ್ಲಿಯೊಳಗೆ ಎಳೆದು ತಂದರೆ, ಓದುವವರು ಆ ಜನರನ್ನು ಮರೆಯಲ್ಲಿ ಕೂರಿಸಿ ನೋಡುತ್ತಾರೆ. ಅವರಿದ್ದದ್ದು ಬಯಲಲ್ಲಿ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕರಾವಳಿ ಪುಟದ ಹವಾಮಾನ ಸುದ್ದಿ ನಮ್ಮಂಥ ಹುಡುಗರ ಪಾಲಿಗೆ ಬರುತ್ತಿತ್ತು. ಅದು ಯಾರಿಗೂ ಬೇಡದ ಕೆಲಸ. ಪುಟ ನೋಡುತ್ತಿದ್ದ ಹಿರಿಯರು ದೋಣಿಗೆ ಹೋಗುವವರ ಮನೆಯಲ್ಲಿ ಹುಟ್ಟಿದವರು. ‘ಗಾಳಿ ಜೋರಾಗಿ ಬೀಸಲಿದೆ’ ಅಂತ ಯಾರೇ ಬರೆದರೂ ಕಾಗದ ವಾಪಸ್ ಬರುತ್ತಿತ್ತು. ‘ಯಾವ ಕಡೆಯಿಂದ? ಇದನ್ನ ಓದೋನು ದೋಣಿ ಎಲ್ಲಿ ಕಟ್ಟಬೇಕು?’ ಬೈಗುಳ ಇರಲಿಲ್ಲ, ಅಷ್ಟೇ ಪ್ರಶ್ನೆ. ಆಮೇಲೆ ಅವರು ಚಹಾ ಕುಡಿಯೋಕೆ ಹೋಗಿಬಿಡುತ್ತಿದ್ದರು, ನಾವು ಟೆಲಿಫೋನ್ ಹಿಡಿದು ಬಂದರಿನವರನ್ನು ಕಾಡಬೇಕಿತ್ತು. ಈಗಲೂ ಕಡಲಿನ ಬಗ್ಗೆ ಯಾರು ಏನು ಬರೆದರೂ ನಾನು ಮೊದಲು ಹುಡುಕುವುದು ದಿಕ್ಕನ್ನೇ.

ಎರಡನೆಯ ವಾಕ್ಯ: ‘ಕಾಲಕ್ರಮೇಣ ಬಂದರು ತನ್ನ ವೈಭವ ಕಳೆದುಕೊಂಡಿತು.’

ಕಾಲ ಸುಮ್ನೆ ಯಾವ ಬಂದರನ್ನೂ ಹಾಳು ಮಾಡುವುದಿಲ್ಲ. ವೈಭವ ಯಾವಾಗ ಬಂತು ಅಂತಲೇ ನೀವು ಹೇಳಿಲ್ಲ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ, ಅಲ್ಲಿಯ ಹತ್ತಿ ನಂಬಿಕೊಂಡಿದ್ದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಬರ ಬಂತು. ಧಾರವಾಡ, ಹುಬ್ಬಳ್ಳಿ ಸೀಮೆಯ ಹತ್ತಿಯನ್ನು ಹಡಗಿಗೆ ಹಾಕಲು ಹತ್ತಿರದ ರೇವು ಬೇಕಾಯಿತು. ಮರುವರ್ಷ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. 1864ರಲ್ಲಿ ಕೊಲ್ಲಿಯ ಎದುರಿನ ದೇವಗಡ ದ್ವೀಪದಲ್ಲಿ ದೀಪಸ್ತಂಭ ಹೊತ್ತಿತು. ನೀವು ಆ ದೀಪಸ್ತಂಭದ ಮುಂದೆ ಸೂರ್ಯಾಸ್ತ ನೋಡಿದ್ದೀರಿ, ಸಂತೋಷ. ಅದನ್ನು ಯಾಕೆ ಕಟ್ಟಿದರು ಅಂತ ಕೇಳಿಲ್ಲ.

ಯುದ್ಧ ಮುಗಿದ ಮೇಲೆ ಹತ್ತಿಯ ಬೆಲೆ ಬಿತ್ತು. ಕಾರವಾರಕ್ಕೆ ಆಗ ರೈಲು ಬರಲೇ ಇಲ್ಲ. 1880ರ ದಶಕದ ಕೊನೆಗೆ ಹುಬ್ಬಳ್ಳಿ ಕಡೆಯ ಹಳಿ ಕ್ಯಾಸಲ್‌ರಾಕ್ ದಾಟಿ ಗೋವಾದ ಮರ್ಮಗೋವಾ ಬಂದರಿಗೆ ಹೋಯಿತು. ಸರಕೂ ಅದರ ಜೊತೆ ಹೋಯಿತು. ಕೊಲ್ಲಿ ಎಷ್ಟು ಒಳ್ಳೆಯದಿದ್ದರೂ ಬೆನ್ನಿಗೆ ಘಟ್ಟ ಇದೆಯಲ್ಲ. ಕೊಂಕಣ ರೈಲು ಬರಲು 1990ರ ದಶಕ ಬೇಕಾಯಿತು, ಅದೂ ಕರಾವಳಿಗುಂಟ. ಘಟ್ಟ ಹತ್ತಬೇಕಾದ ಹುಬ್ಬಳ್ಳಿ–ಅಂಕೋಲಾ ಮಾರ್ಗದ ಚರ್ಚೆ ಇನ್ನೂ ಮುಗಿದಿಲ್ಲ. ಇಷ್ಟೆಲ್ಲವನ್ನೂ ನೀವು ‘ಕಾಲಕ್ರಮೇಣ’ದ ಕೆಳಗೆ ಹೂತಿಟ್ಟಿದ್ದೀರಿ.

ಈ ಎರಡು ಕಡೆ ತಿದ್ದಿ ಕಳಿಸಿ. ಲೇಖನ ಉದ್ದವಾದರೆ ಸೂರ್ಯಾಸ್ತದಲ್ಲಿ ಕತ್ತರಿಸಿ, ಇತಿಹಾಸದಲ್ಲಿ ಬೇಡ. ಫೋಟೋ ಬೇಕಿಲ್ಲ. ಒಂದು ಕೈನಕ್ಷೆ ಬರೆದು ಕಳಿಸಿದರೆ ಸಾಕು, ಗಾಳಿಯ ಬಾಣದ ಗುರುತು ಹಾಕಿ. ತಲೆಬರಹ ನಾನೇ ಕೊಡುತ್ತೇನೆ, ‘ಸ್ವರ್ಗ’ ಅಂತೂ ಇರಲ್ಲ.