ರಾಜೀನಾಮೆ ಬರೆಯುವ ಮೊದಲು ಹಾಕಬೇಕಾದ ಲೆಕ್ಕ

ನೌಕರಿ ಬಿಟ್ಟು ಸ್ವಂತ ಕೆಲಸ ಹಿಡಿಯುವ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಉತ್ತರ.

ಪ್ರಶ್ನೆ: ಹನ್ನೊಂದು ವರ್ಷದಿಂದ ಒಂದೇ ಕಂಪನಿಯಲ್ಲಿ ವಿನ್ಯಾಸದ ಕೆಲಸ ಮಾಡುತ್ತಿದ್ದೇನೆ. ಕೆಲಸ ಇಷ್ಟ, ಕಚೇರಿ ಸಾಕಾಗಿದೆ. ಇದನ್ನೇ ಸ್ವಂತವಾಗಿ ಮಾಡುವ ಯೋಚನೆ. ಈಗಿನ ಸಂಬಳವನ್ನು ದಿನದ ಲೆಕ್ಕಕ್ಕೆ ಇಳಿಸಿ, ಮೇಲೊಂದಿಷ್ಟು ಸೇರಿಸಿ ದರ ಹೇಳಿದರೆ ಸಾಕೇ?

ಉತ್ತರ: ಸಾಲದು. ಹೊಸದಾಗಿ ಹೊರಬಂದವರು ಬಹಳಷ್ಟು ಸಲ ಮುಗ್ಗರಿಸುವುದು ಇಲ್ಲೇ. ಕೈತುಂಬ ಕೆಲಸವಿರುತ್ತದೆ, ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಮೊದಲು ದಿನಗಳನ್ನು ಎಣಿಸಿ. ವರ್ಷದ 365ರಲ್ಲಿ ಶನಿವಾರ, ಭಾನುವಾರಗಳ 104 ಕಳೆದರೆ 261. ಸಾರ್ವತ್ರಿಕ ರಜೆ, ನಿಮ್ಮ ಸ್ವಂತ ರಜೆ, ಹುಷಾರಿಲ್ಲದ ದಿನ ಎಲ್ಲ ಸೇರಿ 36 ತೆಗೆಯಿರಿ, 225 ಉಳಿಯುತ್ತದೆ. ಅಷ್ಟಕ್ಕೂ ದುಡ್ಡು ಬರುವುದಿಲ್ಲ. ಕೆಲಸ ಹುಡುಕುವುದು, ಕೊಟೇಶನ್ ಬರೆಯುವುದು, ಬಿಲ್ ಕಳಿಸುವುದು, ಬಾಕಿಗಾಗಿ ಫೋನ್ ಮಾಡುವುದು, ಹೊಸದನ್ನು ಕಲಿಯುವುದು: ಇದಕ್ಕೆಲ್ಲ ಯಾರೂ ಹಣ ಕೊಡರು. ಮೂರರಲ್ಲಿ ಒಂದು ಪಾಲು ಅದಕ್ಕೇ ಹೋಗುತ್ತದೆಂದು ಹಿಡಿಯಿರಿ. ಬಿಲ್ ಮಾಡಬಹುದಾದ ದಿನ 150. ಮೊದಲ ವರ್ಷ ಅಷ್ಟೂ ತುಂಬದೆ ಇರಬಹುದು.

ಇನ್ನು ಹಣ. ವರ್ಷದ ಸಂಬಳ 1,000 ಎಂದಿಟ್ಟುಕೊಳ್ಳಿ. ಆರೋಗ್ಯ ವಿಮೆ, ಜೀವವಿಮೆ, ನಿವೃತ್ತಿ ನಿಧಿಗೆ ಕಂಪನಿ ತನ್ನ ಕೈಯಿಂದ ತುಂಬುವ ಪಾಲು 200 ಇರಲಿ. ಕಂಪ್ಯೂಟರ್, ಸಾಫ್ಟ್‌ವೇರ್, ಇಂಟರ್ನೆಟ್, ಲೆಕ್ಕ ನೋಡುವವರ ಶುಲ್ಕ 150. ಒಟ್ಟು 1,350. ಇದನ್ನು 150 ದಿನಕ್ಕೆ ಹಂಚಿದರೆ ದಿನಕ್ಕೆ 9. ನಿಮ್ಮ ಲೆಕ್ಕದಲ್ಲಿ 1,000ವನ್ನು 261ಕ್ಕೆ ಹಂಚಿದರೆ ಸಿಗುವುದು 3.83. ಎರಡೂಕಾಲು ಪಟ್ಟಿಗಿಂತಲೂ ಹೆಚ್ಚು ಅಂತರ. ‘ಒಂದಿಷ್ಟು ಸೇರಿಸಿ’ ದಾಟುವ ಕಂದಕ ಇದಲ್ಲ.

ಇಲ್ಲಿನ 200, 150 ಬರೀ ಉದಾಹರಣೆ. ಆ ಜಾಗದಲ್ಲಿ ನಿಮ್ಮ ಅಂಕಿ ಹಾಕಿ. ನಿವೃತ್ತಿ ನಿಧಿಯ ಪಾಲು ಸಂಬಳದ ವಿವರದಲ್ಲಿರುತ್ತದೆ. ವಿಮೆಗೆ ಮಾತ್ರ ಕಂಪನಿ ಕಟ್ಟುವ ಮೊತ್ತವನ್ನು ನಂಬಬೇಡಿ, ಗುಂಪಿನ ಪಾಲಿಸಿ ಅಗ್ಗ. ನಿಮ್ಮ ವಯಸ್ಸು, ಮನೆಯವರ ವಯಸ್ಸು ಹೇಳಿ ಸ್ವಂತ ಪಾಲಿಸಿಯ ಕಂತು ಎಷ್ಟೆಂದು ಕೇಳಿ ತಿಳಿಯಿರಿ. ಸಂಬಳಸಹಿತ ರಜೆಯನ್ನು ಹಣದ ಕಡೆ ಮತ್ತೆ ಸೇರಿಸಬೇಡಿ, ದಿನಗಳಲ್ಲಿ ಅದನ್ನು ಆಗಲೇ ಕಳೆದಿದ್ದೇವೆ.

ಬಂದ ದರ ಕಂಡು ಎದೆ ಧಸಕ್ಕೆನ್ನಬಹುದು. ನಿಮ್ಮ ಕ್ಷೇತ್ರದಲ್ಲಿ ಆ ದರ ಕೊಡುವವರಿದ್ದಾರೆಯೇ ಎಂದು ನಾಲ್ಕು ಕಡೆ ವಿಚಾರಿಸಿ. ಇಲ್ಲವೆಂದಾದರೆ ಅದು ಕೆಲಸದಲ್ಲಿರುವಾಗಲೇ ಗೊತ್ತಾಗುವುದು ಮೇಲು.

ಪ್ರಶ್ನೆ: ಎಷ್ಟು ತಿಂಗಳ ಖರ್ಚು ಕೂಡಿಟ್ಟುಕೊಂಡು ಬಿಡಬೇಕು? ಮೊದಲ ಗ್ರಾಹಕರು ಈಗಾಗಲೇ ಒಪ್ಪಿದ್ದಾರೆ.

ಉತ್ತರ: ಒಪ್ಪಿದ್ದಾರೆ ಎನ್ನುವುದಕ್ಕೂ ಹಣ ಖಾತೆಗೆ ಬೀಳುವುದಕ್ಕೂ ನಡುವೆ ಎಷ್ಟು ದಿನ, ನೋಡಿ. ತಿಂಗಳಿಡೀ ದುಡಿದು ಕೊನೆಗೆ ಬಿಲ್ ಕಳಿಸುತ್ತೀರಿ: 30 ದಿನ. ಪಾವತಿಗೆ ಅವರು ಕೇಳುವ ಗಡುವು ಇನ್ನೂ 30. ತಡ ಮಾಡಿದರೆ ಮತ್ತೆ 15. ಮೊದಲ ದಿನದಿಂದಲೇ ಕೆಲಸವಿದ್ದರೂ ಮೊದಲ ಹಣಕ್ಕೆ 75 ದಿನ! ಆದ್ದರಿಂದ ಗ್ರಾಹಕರಿದ್ದರೂ ಆರು ತಿಂಗಳ ಮನೆಖರ್ಚು ಬೇಕು. ಯಾರೂ ಇಲ್ಲದಿದ್ದರೆ ಒಂಬತ್ತರಿಂದ ಹನ್ನೆರಡು. ಮನೆಖರ್ಚೆಂದರೆ ಅಂದಾಜಲ್ಲ. ಕಳೆದ ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಒಟ್ಟು ಹಾಕಿ, 12ರಿಂದ ಭಾಗಿಸಿ. ವರ್ಷಕ್ಕೊಮ್ಮೆ ಬರುವ ಶಾಲಾ ಶುಲ್ಕ, ವಿಮೆಯ ಕಂತು ಅಂದಾಜಿನಲ್ಲಿ ತಪ್ಪಿಹೋಗುತ್ತವೆ.

ಈ 75 ದಿನವನ್ನು ಕುಗ್ಗಿಸುವ ದಾರಿಯೂ ಇದೆ. ಕೆಲಸ ಶುರುವಾಗುವ ಮುನ್ನ ಮೂರನೇ ಒಂದು ಪಾಲು ಮುಂಗಡ ಕೇಳಿ. ಹದಿನೈದು ದಿನಕ್ಕೊಮ್ಮೆ ಬಿಲ್ ಮಾಡಿ. ಇವೆರಡೂ ಮೊದಲ ಒಪ್ಪಂದದಲ್ಲೇ ಬರಹದಲ್ಲಿರಲಿ. ಆಮೇಲೆ ಸೇರಿಸಲು ಹೋದರೆ ಮುಖ ಕೆಡುತ್ತದೆ. ಬಂದ ಹಣದಲ್ಲಿ ತೆರಿಗೆಯ ಪಾಲನ್ನು ಅದೇ ದಿನ ಬೇರೆ ಖಾತೆಗೆ ಹಾಕಿ. ಸಂಬಳದಲ್ಲಿ ತೆರಿಗೆ ತಾನಾಗಿ ಮುರಿದುಹೋಗುತ್ತಿತ್ತು. ಇನ್ನು ಮುರಿಯಬೇಕಾದವರು ನೀವೇ.

ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆ ಇದೆ. ಕಂಪನಿಯ ವಿಮೆ ಹೋದರೆ ಏನು ಗತಿ?

ಉತ್ತರ: ರಾಜೀನಾಮೆಗಿಂತ ಮುಂಚೆಯೇ ಸ್ವಂತ ಪಾಲಿಸಿಗೆ ಅರ್ಜಿ ಹಾಕಿ. ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ, ಅಂದರೆ ಆ ಕಾಯಿಲೆಯ ಖರ್ಚು ಕೊಡದ ಅವಧಿ, ಇಡುವ ಪಾಲಿಸಿಗಳು ಬಹಳ. ಕಂಪನಿಯ ರಕ್ಷಣೆ ಇರುವಾಗಲೇ ಆ ಅವಧಿ ಓಡಲಿ. ಸಾಮಾನ್ಯವಾಗಿ ಗುಂಪಿನ ವಿಮೆ ಕೆಲಸ ಮುಗಿದ ದಿನವೇ, ಇಲ್ಲವೇ ಆ ತಿಂಗಳ ಕೊನೆಗೆ ನಿಲ್ಲುತ್ತದೆ. ನಿಮ್ಮದು ಯಾವ ದಿನವೆಂದು ಬರಹದಲ್ಲಿ ಕೇಳಿ. ಅದನ್ನೇ ವೈಯಕ್ತಿಕ ಪಾಲಿಸಿಯಾಗಿ ಮುಂದುವರಿಸಲು ಅವಕಾಶವಿದೆಯೇ ಎಂದೂ ಕೇಳಿ. ಅವಕಾಶವಿದ್ದರೂ ಅರ್ಜಿಗೆ ಸಿಗುವ ದಿನಗಳು ಕಡಿಮೆ. ಅರ್ಜಿಯಲ್ಲಿ ಕಾಯಿಲೆಯನ್ನು ಮುಚ್ಚಿಡಬೇಡಿ, ದಯವಿಟ್ಟು. ಮುಚ್ಚಿಟ್ಟರೆ ಕಂತು ಸ್ವಲ್ಪ ಇಳಿಯಬಹುದು, ಆದರೆ ಆಸ್ಪತ್ರೆಗೆ ಸೇರಿದ ದಿನ ಕ್ಲೇಮ್ ಪೂರ್ತಿ ತಿರಸ್ಕಾರವಾಗಬಹುದು.

ಪ್ರಶ್ನೆ: ಕೆಲಸದಲ್ಲಿದ್ದುಕೊಂಡೇ ಸಂಜೆ ಹೊತ್ತು ಹೊರಗಿನ ಕೆಲಸ ಮಾಡಬಹುದೇ?

ಉತ್ತರ: ನೇಮಕಾತಿ ಪತ್ರ ತೆಗೆದು ಓದಿ. ಹೊರಗಿನ ಕೆಲಸಕ್ಕೆ ಅನುಮತಿ ಬೇಕೇ, ಬಿಟ್ಟ ಮೇಲೆ ಕಂಪನಿಯ ಗ್ರಾಹಕರನ್ನು ಸಂಪರ್ಕಿಸಲು ನಿರ್ಬಂಧವಿದೆಯೇ, ನೀವು ಮಾಡಿದ್ದರ ಹಕ್ಕು ಯಾರದು ಎಂಬ ಮೂರು ಸಂಗತಿ ನೋಡಿ. ಅನುಮತಿ ಇದ್ದರೂ ಕಂಪನಿಯ ಲ್ಯಾಪ್‌ಟಾಪ್, ಇಮೇಲ್ ಮುಟ್ಟಬೇಡಿ. ಗ್ರಾಹಕರ ಪಟ್ಟಿಯನ್ನು ನಕಲು ಮಾಡಿಕೊಂಡು ಹೋಗುವುದಂತೂ ಬೇಡವೇ ಬೇಡ.

ಪ್ರಶ್ನೆ: ಬಿಟ್ಟ ಮೇಲೂ ವಾರಕ್ಕೆ ನಾಲ್ಕು ದಿನ ನಮಗೇ ಮಾಡಿಕೊಡಿ ಎನ್ನುತ್ತಿದೆ ಕಂಪನಿ. ಒಪ್ಪಲೇ?

ಉತ್ತರ: ಆರು ತಿಂಗಳ ಮಟ್ಟಿಗೆ ಒಪ್ಪಿ, ಆದರೆ ಎರಡು ದಿನಕ್ಕೆ. ನಾಲ್ಕು ದಿನವಾದರೆ ಬೇರೆ ಗ್ರಾಹಕರನ್ನು ಹುಡುಕಲು ಸಮಯವೇ ಸಿಗದು. ಅದೇ ಮೇಲಧಿಕಾರಿ, ಅದೇ ಮೇಜು, ರಜೆಯಿಲ್ಲ, ವಿಮೆಯಿಲ್ಲ, ಬಿಟ್ಟು ಬಂದದ್ದೇನು? ಒಬ್ಬರಿಗೇ, ಅವರು ಹೇಳಿದ ವೇಳೆಯಲ್ಲಿ, ಅವರ ಸಲಕರಣೆಯಲ್ಲಿ ದುಡಿದರೆ ಕೆಲವು ದೇಶಗಳ ತೆರಿಗೆ ಕಾನೂನು ನಿಮ್ಮನ್ನು ನೌಕರರೆಂದೇ ಪರಿಗಣಿಸುತ್ತದೆ ಎಂಬುದೂ ನೆನಪಿರಲಿ. ಒಪ್ಪಂದದಲ್ಲಿ ಹೊಸ ದಿನದರವನ್ನೇ ಬರೆಸಿ. ಹಳೆಯ ಸಂಬಳವನ್ನು ಭಾಗಿಸಿ ಬಂದ ಅಂಕಿಯನ್ನು ಮೊದಲು ಮುಂದಿಡುವವರು ಅವರೇ. ಯಾರು ಕೈಬಿಟ್ಟರೂ ಇನ್ನೊಬ್ಬರಿಗೆ 30 ದಿನದ ಮುನ್ಸೂಚನೆ ಕೊಡಬೇಕೆಂಬ ಸಾಲೂ ಇರಲಿ.