ಅಣೆಕಟ್ಟಿನ ಪುಟ್ಟ ಮಾದರಿ ಇಟ್ಟುಕೊಂಡು ಪಿಎಚ್.ಡಿ. ಮಾಡ್ತಾರಲ್ಲ, ಆ ಲೆಕ್ಕ ನಿಜವಾದ ಅಣೆಕಟ್ಟಿಗೆ ಹೊಂದುತ್ತಾ?

ಬಹುಪಾಲು ಹೊಂದುತ್ತದೆ. ಕ್ರೆಸ್ಟ್ ಗೇಟಿನಿಂದ ಧುಮುಕುವ ನೀರನ್ನು ಎಳೆಯುವುದು ಗುರುತ್ವ. ಹಾಗಾಗಿ ಮಾದರಿಯಲ್ಲೂ ಫ್ರೌಡ್ ಸಂಖ್ಯೆ, ಅಂದರೆ ನೀರಿನ ವೇಗಕ್ಕೂ ಗುರುತ್ವದ ಎಳೆತಕ್ಕೂ ಇರುವ ಅನುಪಾತ, ಅಷ್ಟೇ ಇರುವಂತೆ ನೋಡಿಕೊಳ್ಳುತ್ತಾರೆ. ಇದು ವಿಲಿಯಂ ಫ್ರೌಡ್ ಹೆಸರಿನದು. ಆತ 1870ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಪುಟ್ಟ ಹಡಗುಗಳನ್ನು ತೊಟ್ಟಿಯಲ್ಲಿ ಎಳೆದು ನೋಡಿದ್ದವನು.

ಮಾದರಿ 1:100 ಅಂದುಕೊಳ್ಳಿ. ವೇಗ ನೂರು ಪಟ್ಟು ಇಳಿಯುವುದಿಲ್ಲ, ಹತ್ತೇ ಪಟ್ಟು. ಆದರೆ ಅಗಲ, ಆಳ ಎರಡೂ ನೂರು ಪಟ್ಟು ಕುಗ್ಗುವುದರಿಂದ ಹರಿವು ಲಕ್ಷ ಪಟ್ಟು ಇಳಿಯುತ್ತದೆ! ಅಂದರೆ 1 ಲಕ್ಷ ಕ್ಯೂಸೆಕ್ ಪ್ರವಾಹಕ್ಕೆ ಇಲ್ಲಿ 1 ಕ್ಯೂಸೆಕ್, ಸೆಕೆಂಡಿಗೆ ಸುಮಾರು 28 ಲೀಟರ್ ಸಾಕು.

ಕೆಲಸ ಮಾತ್ರ ಸುಮ್ನೆ ಅಲ್ಲ. ನೀರಿನ ಮಟ್ಟ ಅಳೆಯಲು ಚೂಪು ಮುಳ್ಳನ್ನು ನಿಧಾನವಾಗಿ ಇಳಿಸುತ್ತಾ, ಅದರ ತುದಿ ತನ್ನದೇ ಪ್ರತಿಬಿಂಬವನ್ನು ಮುಟ್ಟುವವರೆಗೆ ಬಗ್ಗಿ ನೋಡಬೇಕು. 1 ಮಿಲಿಮೀಟರ್ ತಪ್ಪಿದರೆ ಅಣೆಕಟ್ಟಿನಲ್ಲಿ 10 ಸೆಂಟಿಮೀಟರ್ ತಪ್ಪಿದಂತೆ.

ತೊಡಕು ಇರುವುದು ನೊರೆಯಲ್ಲಿ. ನೀರಿನ ಜಿಗುಟು, ಮೇಲ್ಮೈ ಎಳೆತ ಮಾದರಿಯ ಜೊತೆ ಕುಗ್ಗುವುದಿಲ್ಲ, ಅಲ್ವಾ? ಹಾಗಾಗಿ ನಿಜವಾದ ಅಣೆಕಟ್ಟಿನಲ್ಲಿ ಬೆಳ್ಳಗೆ ಉಕ್ಕುವ ನೀರು ಮಾದರಿಯಲ್ಲಿ ಗಾಜಿನಂತೆ ಜಾರುತ್ತದೆ. ನನ್ನ ಮಟ್ಟಿಗೆ ಸಂಶೋಧನೆಗೆ ಜಾಸ್ತಿ ಸರಕು ಸಿಗುವುದು ಇಲ್ಲೇ.