ಸದನದಲ್ಲಿ ಒಂಟಿ ಮತ: ರಾನ್ ಪಾಲ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ (ದಾವಣಗೆರೆಯ ಓದುಗರು): ಅಮೆರಿಕದ ಸಂಸತ್ತಿನಲ್ಲಿ ಟೆಕ್ಸಾಸ್‌ನ ರಿಪಬ್ಲಿಕನ್ ಸದಸ್ಯ ರಾನ್ ಪಾಲ್ ಅವರು ಸ್ವಪಕ್ಷದ ವಿರುದ್ಧವೇ ಮತ ಹಾಕುತ್ತಿದ್ದರೂ ಮತ್ತೆ ಮತ್ತೆ ಗೆದ್ದು ಬರುತ್ತಿದ್ದರೆಂದು ಓದಿದ್ದೇನೆ. ಪಕ್ಷ ಅವರಿಗೆ ಟಿಕೆಟ್ ತಪ್ಪಿಸಲಿಲ್ಲವೇ?

ಉತ್ತರ: ತಪ್ಪಿಸಲು ನೋಡಿತು, ಆಗಲಿಲ್ಲ. ಅಲ್ಲಿ ಟಿಕೆಟ್ ಹಂಚುವ ಅಧಿಕಾರ ವರಿಷ್ಠರ ಕೈಯಲ್ಲಿಲ್ಲ. ಪ್ರೈಮರಿ ಎಂಬ ಪಕ್ಷದೊಳಗಿನ ಚುನಾವಣೆಯಲ್ಲಿ ಕ್ಷೇತ್ರದ ಮತದಾರರೇ ಅಭ್ಯರ್ಥಿಯನ್ನು ಆರಿಸುತ್ತಾರೆ. ವಿಪ್ ಮೀರಿದವರ ಸದಸ್ಯತ್ವ ರದ್ದಾಗುವಂಥ ಪಕ್ಷಾಂತರ ನಿಷೇಧ ಕಾಯ್ದೆಯೂ ಅಲ್ಲಿಲ್ಲ. 1996ರಲ್ಲಿ ಪಾಲ್ ಮತ್ತೆ ಕಣಕ್ಕಿಳಿದಾಗ, ಡೆಮಾಕ್ರಟಿಕ್ ಪಕ್ಷ ಬಿಟ್ಟು ರಿಪಬ್ಲಿಕನ್ ಪಕ್ಷ ಸೇರಿದ್ದ ಹಾಲಿ ಸದಸ್ಯ ಗ್ರೆಗ್ ಲಾಫ್ಲಿನ್ ಅವರ ಬೆನ್ನಿಗೆ ಸ್ಪೀಕರ್ ನ್ಯೂಟ್ ಗಿಂಗ್ರಿಚ್ ಮೊದಲಾಗಿ ಪಕ್ಷದ ದೊಡ್ಡವರೆಲ್ಲ ನಿಂತಿದ್ದರು. ಪಾಲ್ ಪರ ನಿಂತವರಲ್ಲಿ ಟೆಕ್ಸಾಸ್‌ನ ಮನೆಮಾತಾಗಿದ್ದ ಬೇಸ್‌ಬಾಲ್ ಆಟಗಾರ ನೋಲನ್ ರಯಾನ್ ಒಬ್ಬರು. ಪ್ರೈಮರಿಯ ಎರಡನೆಯ ಸುತ್ತಿನಲ್ಲಿ ಪಾಲ್ ಗೆದ್ದರು, ಆಮೇಲೆ ನವೆಂಬರ್‌ನಲ್ಲೂ ಗೆದ್ದರು.

ಆದರೆ ನಿಯಮ ಅವಕಾಶ ಕೊಟ್ಟಿತೆಂಬುದಷ್ಟೇ ಕಾರಣವಲ್ಲ. ಪಾಲ್ ವೃತ್ತಿಯಿಂದ ಹೆರಿಗೆ ವೈದ್ಯರು. 1935ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿ, ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ, ವಾಯುಪಡೆಯಲ್ಲಿ ವೈದ್ಯರಾಗಿ ಕೆಲಸ ಮಾಡಿದ ಮೇಲೆ ಟೆಕ್ಸಾಸ್ ಕರಾವಳಿಯ ಬ್ರಜೋರಿಯಾ ಕೌಂಟಿಯಲ್ಲಿ ನೆಲೆಸಿದರು. ಅವರ ಕೈಯಲ್ಲಿ ಹುಟ್ಟಿದ ಮಕ್ಕಳ ಸಂಖ್ಯೆ 4,000ಕ್ಕೂ ಹೆಚ್ಚು. ಬಡವರಿಗಾಗಿ ಸರ್ಕಾರ ಕೊಡುವ ಚಿಕಿತ್ಸಾ ಹಣವನ್ನು ಅವರು ಪಡೆಯುತ್ತಿರಲಿಲ್ಲ. ಅಂಥ ರೋಗಿಗಳನ್ನು ಕಡಿಮೆ ಶುಲ್ಕಕ್ಕೆ ಇಲ್ಲವೇ ಉಚಿತವಾಗಿ ನೋಡುತ್ತಿದ್ದರು. ಸರ್ಕಾರ ಚಿಕ್ಕದಾಗಿರಬೇಕೆಂದು ಭಾಷಣ ಮಾಡುವವನು ತನ್ನ ಕ್ಲಿನಿಕ್‌ನಲ್ಲೂ ಹಾಗೆಯೇ ನಡೆದುಕೊಳ್ಳುತ್ತಾನೆಂಬುದನ್ನು ಆ ಊರಿನವರು ಕಣ್ಣಾರೆ ಕಂಡಿದ್ದರು. ಅವರ ವಾದ ಒಪ್ಪದವರೂ ಅವರಿಗೆ ಮತ ಹಾಕಿದ್ದರ ಗುಟ್ಟು ಇಲ್ಲಿದೆ ಎಂಬುದು ನನ್ನ ತಿಳಿವಳಿಕೆ.

ಪ್ರಶ್ನೆ (ಶಿವಮೊಗ್ಗದ ಓದುಗರು): ವೈದ್ಯರು ರಾಜಕೀಯಕ್ಕೆ ಬಂದದ್ದೇಕೆ? ಅವರನ್ನು ‘ಡಾಕ್ಟರ್ ನೋ’ ಎಂದು ಕರೆಯುತ್ತಿದ್ದುದೇಕೆ?

ಉತ್ತರ: ಅವರನ್ನು ರಾಜಕೀಯಕ್ಕೆ ಎಳೆದದ್ದು ಚಿನ್ನದ ಪ್ರಶ್ನೆ. ಅಲ್ಲಿಯವರೆಗೆ ವಿದೇಶಿ ಸರ್ಕಾರಗಳು ಡಾಲರ್ ಕೊಟ್ಟು, ಔನ್ಸಿಗೆ 35 ಡಾಲರ್ ದರದಲ್ಲಿ ಅಮೆರಿಕದಿಂದ ಚಿನ್ನ ಪಡೆಯಬಹುದಿತ್ತು. 1971ರ ಆಗಸ್ಟ್ 15ರಂದು ಅಧ್ಯಕ್ಷ ನಿಕ್ಸನ್ ಆ ವ್ಯವಸ್ಥೆಯನ್ನು ನಿಲ್ಲಿಸಿದರು. ಇನ್ನು ಮುಂದೆ ನೋಟು ಮುದ್ರಿಸಲು ಸರ್ಕಾರಕ್ಕೆ ಕಡಿವಾಣವಿರುವುದಿಲ್ಲ, ಬೆಲೆಯೇರಿಕೆಯ ರೂಪದಲ್ಲಿ ಬಡವರ ಉಳಿತಾಯ ಕರಗುತ್ತದೆ ಎಂದು ಪಾಲ್ ನಂಬಿದರು. 1974ರಲ್ಲಿ ಸ್ಪರ್ಧಿಸಿ ಸೋತರು. 1976ರ ಏಪ್ರಿಲ್‌ನ ಉಪಚುನಾವಣೆಯಲ್ಲಿ ಗೆದ್ದರು. ಅದೇ ವರ್ಷದ ನವೆಂಬರ್‌ನಲ್ಲಿ 300ಕ್ಕೂ ಕಡಿಮೆ ಮತಗಳಿಂದ ಮತ್ತೆ ಸೋತರು. 1978ರಲ್ಲಿ ಅದೇ ಎದುರಾಳಿ ಬಾಬ್ ಗ್ಯಾಮೇಜ್ ಅವರನ್ನು ಸೋಲಿಸಿ ಮರಳಿದರು. 1984ರಲ್ಲಿ ಸೆನೆಟ್‌ಗೆ ಪ್ರಯತ್ನಿಸಿ, ಪ್ರೈಮರಿಯಲ್ಲಿ ಫಿಲ್ ಗ್ರಾಮ್ ಎದುರು ಸೋತು ವೈದ್ಯವೃತ್ತಿಗೆ ಹಿಂದಿರುಗಿದರು.

‘ನೋ’ ಎಂಬ ಅಡ್ಡಹೆಸರು ಅವರು ಹಾಕಿದ ಮತಗಳಿಂದ ಬಂದದ್ದು. ಸಂವಿಧಾನ ಸ್ಪಷ್ಟವಾಗಿ ಅನುಮತಿಸದ ಯಾವ ಖರ್ಚಿಗೂ ಮತ ಹಾಕುವುದಿಲ್ಲ ಎಂಬುದು ಅವರ ನಿಯಮವಾಗಿತ್ತು. ಇದಕ್ಕೆ ಒಂದು ದಿನದ ಕಲಾಪವನ್ನೇ ಹತ್ತಿರದಿಂದ ನೋಡಬಹುದು. 1999ರ ಏಪ್ರಿಲ್‌ನಲ್ಲಿ, ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಲು ನಿರಾಕರಿಸಿ ಇತಿಹಾಸ ಬರೆದ ರೋಸಾ ಪಾರ್ಕ್ಸ್ ಅವರಿಗೆ ಕಾಂಗ್ರೆಸ್ಸಿನ (ಅಮೆರಿಕದ ಸಂಸತ್ತಿನ) ಚಿನ್ನದ ಪದಕ ನೀಡುವ ಮಸೂದೆ ಬಂದಿತು. ಪಾಲ್ ಎದ್ದು ನಿಂತು, ಆ ತಾಯಿಯ ಬಗ್ಗೆ ತಮಗೆ ಅಪಾರ ಗೌರವವಿದೆ, ಆದರೆ ಪದಕಕ್ಕೆ ಬೇಕಾದ 30,000 ಡಾಲರ್ ತೆರಿಗೆದಾರರದು, ಅದನ್ನು ಖರ್ಚು ಮಾಡುವ ಹಕ್ಕು ನಮಗಿಲ್ಲ, ಆದ್ದರಿಂದ ಸದಸ್ಯರು ಒಬ್ಬೊಬ್ಬರೂ ತಮ್ಮ ಜೇಬಿನಿಂದ 100 ಡಾಲರ್ ಹಾಕೋಣ, ನಾನೂ ಹಾಕುತ್ತೇನೆ ಎಂಬ ಅರ್ಥದಲ್ಲಿ ಮಾತನಾಡಿದರು. ಮಸೂದೆಯ ಪರ 424 ಮತಗಳು ಬಿದ್ದವು, ವಿರುದ್ಧ ಒಂದು. ಆ ಒಂದು ಮತವನ್ನು ನಾನು ಒಪ್ಪಲಾರೆ. ಒಂದು ಜನಾಂಗಕ್ಕೆ ಶತಮಾನಗಳ ಕಾಲ ಆದ ಅನ್ಯಾಯವನ್ನು ದೇಶವೇ ಒಪ್ಪಿಕೊಳ್ಳುವ ಸಂದರ್ಭದಲ್ಲಿ ಲೆಕ್ಕಪತ್ರ ಮುಂದಿಡುವುದು ಸರಿಯಲ್ಲ. ಆದರೂ ಜನಪ್ರಿಯವಲ್ಲದ ಮಾತನ್ನು ನೂರಾರು ಸಹೋದ್ಯೋಗಿಗಳ ಎದುರು ನಿಂತು ಹೇಳುವ ಎದೆಗಾರಿಕೆಗೆ ಬೆಲೆಯಿದೆ. 2002ರಲ್ಲಿ ಇರಾಕ್ ಯುದ್ಧಕ್ಕೆ ಅನುಮತಿ ನೀಡುವ ನಿರ್ಣಯವನ್ನು ಕೆಳಮನೆಯಲ್ಲಿ ವಿರೋಧಿಸಿದ ರಿಪಬ್ಲಿಕನ್ನರು ಆರೇ ಮಂದಿ, ಅವರಲ್ಲಿ ಪಾಲ್ ಒಬ್ಬರು. ಅಂದಿನ ಮತಕ್ಕೂ ಬೇಕಾದದ್ದು ಅದೇ ಎದೆಗಾರಿಕೆ.

ಪ್ರಶ್ನೆ (ಧಾರವಾಡದ ಓದುಗರು): ಮೂರು ಬಾರಿ ಅಧ್ಯಕ್ಷ ಸ್ಥಾನಕ್ಕೆ ಪ್ರಯತ್ನಿಸಿ ಒಮ್ಮೆಯೂ ಗೆಲ್ಲದವರ ಪ್ರಚಾರಗಳಿಗೆ ಅಷ್ಟು ಮಹತ್ವವೇಕೆ?

ಉತ್ತರ: 1988ರಲ್ಲಿ, ಸರ್ಕಾರದ ಪಾತ್ರ ಆದಷ್ಟು ಕಡಿಮೆಯಿರಬೇಕೆನ್ನುವ ಸಣ್ಣ ಪಕ್ಷವಾದ ಲಿಬರ್ಟೇರಿಯನ್ ಪಕ್ಷದಿಂದ ನಿಂತಾಗ ಅವರಿಗೆ ಸಿಕ್ಕಿದ್ದು ಶೇ. 0.5ರಷ್ಟು ಮತ, ಅದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಮಹತ್ವ ಬಂದದ್ದು ರಿಪಬ್ಲಿಕನ್ ಪಕ್ಷದೊಳಗಿದ್ದುಕೊಂಡೇ ಅವರು ನಡೆಸಿದ 2008 ಮತ್ತು 2012ರ ಪ್ರಚಾರಗಳಿಂದ. 2007ರ ಮೇ ತಿಂಗಳಲ್ಲಿ ದಕ್ಷಿಣ ಕ್ಯಾರೊಲೈನಾದ ಚರ್ಚಾ ವೇದಿಕೆಯಲ್ಲಿ, ಮಧ್ಯಪ್ರಾಚ್ಯದಲ್ಲಿ ಅಮೆರಿಕ ನಡೆಸಿದ ಹಸ್ತಕ್ಷೇಪವೇ 2001ರ ಸೆಪ್ಟೆಂಬರ್ 11ರಂದು ತನ್ನ ಮೇಲೆ ನಡೆದ ದಾಳಿಗೆ ಒಂದು ಕಾರಣವೆಂದು ಪಾಲ್ ಹೇಳಿದರು. ದಾಳಿಯ ಹೊತ್ತಿನಲ್ಲಿ ನ್ಯೂಯಾರ್ಕ್ ಮೇಯರ್ ಆಗಿದ್ದ ರೂಡಿ ಜೂಲಿಯಾನಿ ಆ ಮಾತನ್ನು ಹಿಂತೆಗೆದುಕೊಳ್ಳಬೇಕೆಂದು ಒತ್ತಾಯಿಸಿದಾಗ ಸಭೆ ಚಪ್ಪಾಳೆ ತಟ್ಟಿತು. ಪಾಲ್ ಹಿಂತೆಗೆದುಕೊಳ್ಳಲಿಲ್ಲ, ಅದನ್ನೇ ಇನ್ನಷ್ಟು ವಿವರಿಸಿದರು. ಎಂಟು ತಿಂಗಳಾಗುವ ಹೊತ್ತಿಗೆ, ಪಕ್ಷದ ಅಭ್ಯರ್ಥಿಯನ್ನು ಆರಿಸಲು ಅಯೋವಾ ರಾಜ್ಯದಲ್ಲಿ ನಡೆದ ಮತದಾನದಲ್ಲಿ ಪಾಲ್ ಅವರಿಗೆ ಸುಮಾರು ಶೇ. 10ರಷ್ಟು ಮತ ಬಂದರೆ, ಜೂಲಿಯಾನಿ ಅದರ ಅರ್ಧವನ್ನೂ ಮುಟ್ಟಲಿಲ್ಲ.

ಹಣ ಬಂದ ಬಗೆಯೂ ಹೊಸದಾಗಿತ್ತು. 2007ರ ನವೆಂಬರ್ 5ರಂದು ಅಂತರ್ಜಾಲದ ಮೂಲಕ ಒಂದೇ ದಿನದಲ್ಲಿ 40 ಲಕ್ಷಕ್ಕೂ ಹೆಚ್ಚು, ಬ್ರಿಟಿಷರ ಚಹಾ ತೆರಿಗೆಯ ವಿರುದ್ಧ 1773ರಲ್ಲಿ ನಡೆದ ಬಾಸ್ಟನ್ ಟೀ ಪಾರ್ಟಿ ಪ್ರತಿಭಟನೆಯ ವಾರ್ಷಿಕ ದಿನವಾದ ಡಿಸೆಂಬರ್ 16ರಂದು ಸುಮಾರು 60 ಲಕ್ಷ ಡಾಲರ್ ಸಂಗ್ರಹವಾಯಿತು. ಇದನ್ನು ಏರ್ಪಡಿಸಿದ್ದು ಪ್ರಚಾರ ಕಚೇರಿಯಲ್ಲ, ಎಲ್ಲೆಲ್ಲೋ ಕುಳಿತಿದ್ದ ಬೆಂಬಲಿಗರು.

2012ರ ಕಥೆ ಇನ್ನೂ ಸ್ವಾರಸ್ಯವಾಗಿದೆ. ಅಯೋವಾದ ಕಾಕಸ್ ಎಂದರೆ ಚಳಿಗಾಲದ ರಾತ್ರಿ ಶಾಲೆಯಲ್ಲೋ ಚರ್ಚ್ ಸಭಾಂಗಣದಲ್ಲೋ ಊರಿನವರು ಸೇರಿ, ಭಾಷಣ ಕೇಳಿ, ಚೀಟಿಯಲ್ಲಿ ಹೆಸರು ಬರೆದು ಹಾಕುವ ಸಭೆ. ಮತ ಹಾಕಿದ ಮೇಲೆ ಹೆಚ್ಚಿನವರು ಕೋಟು ತೊಟ್ಟು ಮನೆಗೆ ಹೊರಡುತ್ತಾರೆ. ಆದರೆ ಮುಂದಿನ ಹಂತದ ಸಮ್ಮೇಳನಕ್ಕೆ ಪ್ರತಿನಿಧಿಗಳಾಗಿ ಹೋಗುವ ಡೆಲಿಗೇಟ್‌ಗಳನ್ನು ಆರಿಸುವುದು ಆ ಮೇಲೆಯೇ. ಕಡೆಯವರೆಗೂ ಕುರ್ಚಿ ಬಿಟ್ಟು ಏಳಬೇಡಿ ಎಂದು ಪಾಲ್ ತಂಡ ಬೆಂಬಲಿಗರಿಗೆ ಕಲಿಸಿತ್ತು. ಫಲವಾಗಿ, ಮತ ಎಣಿಕೆಯಲ್ಲಿ ಶೇ. 21ರೊಂದಿಗೆ ಮೂರನೆಯವರಾಗಿದ್ದ ಪಾಲ್ ಅವರಿಗೆ ಆಗಸ್ಟ್‌ನ ಟ್ಯಾಂಪಾ ಮಹಾಧಿವೇಶನದಲ್ಲಿ, ಅಂದರೆ ಪಕ್ಷ ತನ್ನ ಅಧ್ಯಕ್ಷ ಅಭ್ಯರ್ಥಿಯನ್ನು ಅಧಿಕೃತವಾಗಿ ಆರಿಸುವ ಸಭೆಯಲ್ಲಿ, ಅಯೋವಾದ 28 ಮತಗಳಲ್ಲಿ 22 ಬಂದವು. ಮಿಟ್ ರಾಮ್ನಿ ಅಭ್ಯರ್ಥಿಯಾಗುವುದು ಅಷ್ಟರಲ್ಲಿ ಖಚಿತವಾಗಿದ್ದರೂ ಪಕ್ಷ ನಿಯಮವನ್ನೇ ಬಿಗಿಗೊಳಿಸಿತು: ಅಭ್ಯರ್ಥಿಯಾಗಿ ಒಬ್ಬರ ಹೆಸರು ಸೂಚಿಸಲು ಐದು ರಾಜ್ಯಗಳ ಬದಲು ಎಂಟು ರಾಜ್ಯಗಳ ಡೆಲಿಗೇಟ್‌ಗಳ ಬಹುಮತ ಬೇಕೆಂದಿತು. ನಿಯಮವನ್ನು ಓದಿ, ಅದರಂತೆ ಕಷ್ಟಪಟ್ಟವರ ಎದುರು ಹೀಗೆ ನಡೆದುಕೊಂಡದ್ದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಪ್ರಶ್ನೆ (ಮೈಸೂರಿನ ಓದುಗರು): ಅವರ ಮೇಲೆ ಆಕ್ಷೇಪಗಳೇ ಇರಲಿಲ್ಲವೇ?

ಉತ್ತರ: ಇದ್ದವು, ಗಂಭೀರವಾದವೇ. 1980 ಮತ್ತು 90ರ ದಶಕಗಳಲ್ಲಿ ಅವರ ಹೆಸರಿನಲ್ಲಿ ಹೊರಬರುತ್ತಿದ್ದ ಸುದ್ದಿಪತ್ರಗಳಲ್ಲಿ ಕಪ್ಪು ಜನರನ್ನು ಹೀನೈಸುವ ಬರಹಗಳಿದ್ದವು. ಅವನ್ನು ತಾವು ಬರೆದಿಲ್ಲ, ಆದರೆ ನೈತಿಕ ಹೊಣೆ ತಮ್ಮದು ಎಂದು ಅವರು ಆಮೇಲೆ ಹೇಳಿದರು. ನನಗೆ ಆ ಸಮಜಾಯಿಷಿ ಸಾಲದು. ಸಂವಿಧಾನದ ಒಂದೊಂದು ಪದವನ್ನೂ ತೂಗಿ ನೋಡುತ್ತಿದ್ದವರು ತಮ್ಮದೇ ಹೆಸರಿನ ಪತ್ರಿಕೆಯನ್ನು ಓದದೆ ಬಿಟ್ಟರೆಂಬುದನ್ನು ನಂಬುವುದು ಕಷ್ಟ. ತಮ್ಮ ಕ್ಷೇತ್ರದ ಸೀಗಡಿ ಉದ್ಯಮಕ್ಕೂ ಇತರ ಕೆಲಸಗಳಿಗೂ ಮಸೂದೆಯಲ್ಲಿ ಅನುದಾನ ಸೇರಿಸಿ, ಅದು ಪಾಸಾಗುವುದು ಖಚಿತವಾದ ಮೇಲೆ ವಿರುದ್ಧ ಮತ ಹಾಕುತ್ತಿದ್ದರೆಂಬ ಟೀಕೆಯೂ ಇತ್ತು.

ಶಾಸನದ ಲೆಕ್ಕದಲ್ಲಿ ಅವರ ಗಳಿಕೆ ಅತ್ಯಲ್ಪ. ಅವರು ಮಂಡಿಸಿದ ನೂರಾರು ಮಸೂದೆಗಳಲ್ಲಿ ಕಾನೂನಾದದ್ದು, ಗ್ಯಾಲ್ವೆಸ್ಟನ್‌ನ ಹಳೆಯ ಕಸ್ಟಮ್ಸ್ ಕಟ್ಟಡವೊಂದರ ಮಾರಾಟಕ್ಕೆ ಸಂಬಂಧಿಸಿದ ಒಂದೇ ಒಂದು. ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಸಂಪೂರ್ಣ ಲೆಕ್ಕಪರಿಶೋಧನೆಗೆ ಅವರು ತಂದ ಮಸೂದೆ 2012ರ ಜುಲೈನಲ್ಲಿ ಕೆಳಮನೆಯಲ್ಲಿ 327–98 ಮತಗಳಿಂದ ಗೆದ್ದರೂ ಸೆನೆಟ್‌ನಲ್ಲಿ ನಿಂತುಹೋಯಿತು. 2013ರ ಜನವರಿಯಲ್ಲಿ ಅವರು ನಿವೃತ್ತರಾದರು. ಮಗ ರ‍್ಯಾಂಡ್ ಪಾಲ್ 2011ರಿಂದ ಕೆಂಟಕಿಯ ಸೆನೆಟರ್. 2016ರ ಡಿಸೆಂಬರ್‌ನಲ್ಲಿ ಅಧ್ಯಕ್ಷರ ಆಯ್ಕೆಗೆ ಟೆಕ್ಸಾಸ್‌ನ ಮತದಾರ ಮಂಡಳಿ ಸೇರಿದಾಗ, ಅದರ ಸದಸ್ಯರೊಬ್ಬರು ಕಣದಲ್ಲಿಯೇ ಇರದಿದ್ದ, 81 ದಾಟಿದ್ದ ರಾನ್ ಪಾಲ್ ಅವರ ಹೆಸರನ್ನು ಬರೆದರು.